ಯಾರು ಹೇಳಿದ್ದು, ಯಾವ ದನಕ್ಕೆ ಹೇಳಿದ್ದು?

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೂ, ಪಶುಸಂಗೋಪನಾ ಡಿಪ್ಲೊಮಾ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಿಗೂ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆ ಆರಂಭವಾದದ್ದು 1974ರಲ್ಲಿ. ಅದೇ ವರ್ಷ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ ಆರಂಭವಾಯಿತು. ಎರಡಕ್ಕೂ 2024ರಲ್ಲಿ ಐವತ್ತು ತುಂಬಿತು. ಈ ಶಾಲೆ ನಮ್ಮೂರಿನ ಮಕ್ಕಳಿಗೆ ಓದು ಕಲಿಸಲು ಬಂತು. ಆ ಕೇಂದ್ರ ಸಂಶೋಧಕರು ಕಂಡುಕೊಂಡದ್ದನ್ನು ರೈತರ ಹೊಲಕ್ಕೆ, ಕೊಟ್ಟಿಗೆಗೆ ತಲುಪಿಸಲು ಬಂತು. ಇವೆರಡರ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ನಡೆಯುವವರು ನಮ್ಮಂಥ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಮುಂದೆ ದನಕರುಗಳ ಕೆಲಸಕ್ಕೆ ಹೋಗುವ ಮಕ್ಕಳು. ಸಂಘಟಕರು ನನಗೆ ‘ಸಾಧನೆಯ ಹಾದಿ’ ಎಂಬ ವಿಷಯ ಕೊಟ್ಟಿದ್ದರು. ನನ್ನ ಸಾಧನೆಗಿಂತ ನಿಮ್ಮ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು. ಅವರಿಗೆ ಕೃತಜ್ಞತೆಗಳು.

ನಾನು ಪಶುವೈದ್ಯ. ಈಚಿನ ವರ್ಷಗಳಲ್ಲಿ ಪಶುಸಂಗೋಪನಾ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುವ ಎರಡು ವರ್ಷದ ಡಿಪ್ಲೊಮಾಗೆ ಎಸ್‌ಎಸ್‌ಎಲ್‌ಸಿ ಮುಗಿಸಿದವರು ಸೇರಬಹುದು. ನಮ್ಮ ಶಾಲೆಯಿಂದಲೇ ಕೆಲವರು ಹೋಗಿದ್ದಾರೆ, ಇಲ್ಲೇ ಕುಳಿತಿದ್ದಾರೆ. ಮುಂದೆ ಇವರು ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಾರೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ರೋಗಕ್ಕೆ ಚಿಕಿತ್ಸೆ ಮಾಡುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಸಣ್ಣಪುಟ್ಟ ಸೇವೆಗಳನ್ನು ಅವರ ಮೇಲ್ವಿಚಾರಣೆಯಲ್ಲಿ, ಅವರ ನಿರ್ದೇಶನದಂತೆ ಇವರು ಮಾಡಬಹುದು.

ಇದು ಕಾಯ್ದೆಯ ಮಾತು. ಊರಿನ ಮಾತು ಬೇರೆ. ರಾತ್ರಿ ಒಂಬತ್ತು ಗಂಟೆಗೆ ಹಸುವಿಗೆ ಹೊಟ್ಟೆ ಉಬ್ಬರಿಸಿದರೆ, ‘ಅವರ ಮನೆ ಹುಡುಗ ದನದ ಡಾಕ್ಟ್ರಿಗೆ ಓದ್ತಾನಂತೆ, ಕೇಳ್ಕೊಂಡು ಬಾ’ ಎಂದು ಮೊದಲು ನಿಮ್ಮ ಮನೆಗೇ ಬರುತ್ತಾರೆ. ನೀವು ಇನ್ನೂ ಮೊದಲ ವರ್ಷದಲ್ಲಿರಬಹುದು, ಅವರಿಗೆ ಅದು ಗೊತ್ತಿಲ್ಲ. ನೀವು ಹೇಳಿದ್ದನ್ನು ಅವತ್ತು ರಾತ್ರಿಯೇ ಮಾಡುತ್ತಾರೆ. ಆ ಮನೆಯಲ್ಲಿ ಇರುವುದು ಒಂದೇ ಹಸುವಾಗಿದ್ದರೆ, ಡೈರಿಯ ಬಟವಾಡೆ, ಸಂಘದ ಸಾಲದ ಕಂತು, ಮಗಳ ಕಾಲೇಜು ಫೀಸು ಎಲ್ಲವೂ ಆ ಒಂದು ಕೆಚ್ಚಲಿನ ಮೇಲೆ ನಿಂತಿರುತ್ತವೆ. ಹಸು ತನಗೆ ಎಲ್ಲಿ ನೋವು ಎಂದು ಹೇಳುವುದಿಲ್ಲ. ಕೊಟ್ಟ ಔಷಧ ಸರಿಯಿಲ್ಲ ಎಂದೂ ಹೇಳುವುದಿಲ್ಲ. ಆದ್ದರಿಂದ ನಿಮಗೆ ತಿಳಿದದ್ದು ಎಲ್ಲಿಂದ ತಿಳಿಯಿತು ಎಂಬುದು ನಿಮ್ಮ ಅಂಕಪಟ್ಟಿಗಿಂತ ದೊಡ್ಡ ವಿಷಯ.

2022ರ ಮಾತು ತೆಗೆದುಕೊಳ್ಳಿ. ಚರ್ಮಗಂಟು ರೋಗ ನಿಮಗೆಲ್ಲ ನೆನಪಿದೆ. ಅದು ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ದೇಶದ ತುಂಬ ಹಬ್ಬಿ ಕಾಡಿತು. ರೋಗಕ್ಕಿಂತ ಮುಂಚೆ ವಾಟ್ಸಪ್ ಸಂದೇಶ ಊರು ತಲುಪಿತ್ತು. ಮೈತುಂಬ ಗಂಟಾದ ದನದ ಚಿತ್ರ ಹಾಕಿ, ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆ ಎಂದು ಬರೆದಿದ್ದರು. ನಾನು ಹೋದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ, ಗಂಟೇ ಇಲ್ಲದ ತನ್ನ ಹಸುವಿನ ಹಾಲನ್ನೂ ಮೂರು ದಿನದಿಂದ ಮೋರಿಗೆ ಸುರಿಯುತ್ತಿದ್ದರು. ಮನೆಯಲ್ಲಿ ಮೊಮ್ಮಗುವಿಗೆ ಕಪ್ಪು ಚಹಾ ಕೊಡುತ್ತಿದ್ದರು. ನನ್ನ ಜೊತೆ ಬಂದಿದ್ದ ದ್ವಿತೀಯ ವರ್ಷದ ಹುಡುಗಿಯೊಬ್ಬಳು ಫೋನ್ ತೆಗೆದು, ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಈ ರೋಗದ ಬಗ್ಗೆ ಬರೆದಿದ್ದನ್ನು ಹುಡುಕಿ, ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದಳು. ಇದು ಮನುಷ್ಯರಿಗೆ ಬರುವ ರೋಗವಲ್ಲ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ದನದಿಂದ ದನಕ್ಕೆ ಹರಡುತ್ತದೆ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಿರಿ. ಆ ತಾಯಿ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: ‘ಅದೂ ಫೋನಲ್ಲೇ ಬಂದಿದ್ದು, ಇದೂ ಫೋನಲ್ಲೇ ಬಂದಿದ್ದು. ಯಾವುದನ್ನ ನಂಬೋದವ್ವಾ?’

ನನ್ನ ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ. ಯಾವ ಮಾಹಿತಿ ಸಿಕ್ಕಿದರೂ ಅದಕ್ಕೆ ನಾಲ್ಕು ಪ್ರಶ್ನೆ ಹಾಕಿ. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಯಾವ ಪ್ರಾಣಿಯ ಬಗ್ಗೆ ಹೇಳಿದ್ದು? ಅವರಿಗೆ ಅದು ಹೇಗೆ ಗೊತ್ತಾಯಿತು?

ಮೊದಲನೆಯದು, ಯಾರು ಹೇಳಿದ್ದು. ವಾಟ್ಸಪ್ ಸಂದೇಶಕ್ಕೆ ಹೆಸರಿಲ್ಲ, ವಿಳಾಸವಿಲ್ಲ. ತಪ್ಪಾದರೆ ಕೇಳಲು ಯಾರೂ ಇಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 1924ರಲ್ಲಿ ಸ್ಥಾಪನೆಯಾದದ್ದು. ಹಿಂದೆ ಅದನ್ನು ಓಐಇ ಎನ್ನುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಇರುತ್ತದೆ. ನಮ್ಮ ದೇಶವೂ ಅದರ ಸದಸ್ಯ. ಅದು ಬರೆದದ್ದರಲ್ಲಿ ತಪ್ಪಿದ್ದರೆ ತೋರಿಸುವ ತಜ್ಞರು ಲೋಕದ ತುಂಬ ಇದ್ದಾರೆ. ಒಳ್ಳೆಯ ಸಂಶೋಧನಾ ಪತ್ರಿಕೆಗಳಲ್ಲೂ ಹೀಗೆಯೇ. ಲೇಖನ ಅಚ್ಚಾಗುವ ಮೊದಲು ಅದೇ ವಿಷಯ ಬಲ್ಲ ಬೇರೆಯವರು ಓದಿ, ‘ಇಲ್ಲಿ ಲೆಕ್ಕ ಸರಿಯಿಲ್ಲ, ಇದಕ್ಕೆ ಆಧಾರ ಕೊಡಿ’ ಎಂದು ತಿದ್ದಿಸುತ್ತಾರೆ. ನಿಮ್ಮ ಉತ್ತರಪತ್ರಿಕೆಯನ್ನು ಬೇರೆ ಊರಿನ ಮೇಷ್ಟ್ರು ತಿದ್ದುವ ಹಾಗೆ ಎಂದುಕೊಳ್ಳಿ. ಆದರೆ ದುಡ್ಡು ಕೊಟ್ಟರೆ ಯಾವ ತಿದ್ದುಪಡಿಯೂ ಇಲ್ಲದೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಅವುಗಳ ಹೆಸರು ಬಹಳ ದೊಡ್ಡದಾಗಿರುತ್ತದೆ, ‘ಅಂತರರಾಷ್ಟ್ರೀಯ’ ಎಂದು ಶುರುವಾಗುತ್ತದೆ. ಹೆಸರಿಗೆ ಮರುಳಾಗಬೇಡಿ. ನಮ್ಮ ದೇಶದ ಕೃಷಿ ವಿಜ್ಞಾನಗಳ ಅಕಾಡೆಮಿ, ಅಂದರೆ ನಾಸ್, ಕೃಷಿ ಮತ್ತು ಪಶುವಿಜ್ಞಾನದ ಪತ್ರಿಕೆಗಳಿಗೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸುತ್ತದೆ. ಪತ್ರಿಕೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಯಾರು ಹೇಳಿದ್ದು ಎಂದು ಕೇಳುವಾಗ, ಹೇಳಿದವರಿಗೆ ಏನು ಮಾರಬೇಕಾಗಿದೆ ಎಂದೂ ನೋಡಿ. ಖನಿಜ ಮಿಶ್ರಣದ ಡಬ್ಬಿ ತಂದವರು ಬಣ್ಣದ ಪುಸ್ತಿಕೆ ಕೊಡುತ್ತಾರೆ. ಅದರಲ್ಲಿ ಹಾಲು ಎರಡು ಲೀಟರ್ ಜಾಸ್ತಿಯಾದ ಹಸುವಿನ ಚಿತ್ರ ಇರುತ್ತದೆ, ಜಾಸ್ತಿಯಾಗದ ಹಸುವಿನ ಚಿತ್ರ ಇರುವುದಿಲ್ಲ. ಅದೇ ಔಷಧದ ಪೆಟ್ಟಿಗೆಯೊಳಗೆ ಮಡಚಿಟ್ಟ ತೆಳ್ಳನೆಯ ಚೀಟಿ ಇದೆಯಲ್ಲ, ನಾವು ತೆಗೆದು ಬಿಸಾಡುತ್ತೇವಲ್ಲ, ಅದನ್ನು ಬಿಸಾಡಬೇಡಿ. ಆ ಚೀಟಿಯ ಮತ್ತು ಲೇಬಲ್ಲಿನ ಮಾತಿಗೆ ಕಾನೂನಿನ ಕಟ್ಟು ಇದೆ. ಯಾವ ಪ್ರಾಣಿಗೆ, ಎಷ್ಟು, ಯಾವ ದಾರಿಯಲ್ಲಿ ಕೊಡಬೇಕು ಎಂಬುದು ಅಲ್ಲಿದೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು ಎಂಬುದೂ ಅಲ್ಲೇ ಸಿಗಬೇಕು. 2012ರಲ್ಲಿ ನಮ್ಮ ಔಷಧ ನಿಯಮಗಳಿಗೆ ತಿದ್ದುಪಡಿಯಾಗಿ, ಅಂಥ ಅವಧಿ ಬೇರೆಯಾಗಿ ಗೊತ್ತಾಗಿಲ್ಲದ ಔಷಧಕ್ಕೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು ನಿಗದಿ ಮಾಡಿದರು. ಕಂದು ಹಾಕುವ ರೋಗದ ಲಸಿಕೆಯ ಚೀಟಿ ಓದಿ ನೋಡಿ. ಅದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. ಒಳಗಿರುವುದು ಸಜೀವ ರೋಗಾಣು, ಹಾಕುವವರು ಕೈಗೆ ಸೂಜಿ ಚುಚ್ಚಿಕೊಂಡರೆ ಅವರಿಗೇ ಜ್ವರ ಹತ್ತಬಹುದು. ಆ ಚೀಟಿ ಕಾಪಾಡುವುದು ಕರುವನ್ನಷ್ಟೇ ಅಲ್ಲ, ನಿಮ್ಮನ್ನೂ ಕಾಪಾಡುತ್ತದೆ.

ಎರಡನೆಯ ಪ್ರಶ್ನೆ, ಯಾವಾಗ ಹೇಳಿದ್ದು. ಇದಕ್ಕೆ ರಣಹದ್ದುಗಳ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಲ್ಲಿ ಕುಳಿತಿರುವ ಹಿರಿಯರು ಊರಾಚೆ ಸತ್ತ ದನದ ಸುತ್ತ ಹದ್ದುಗಳು ಕೂತಿದ್ದನ್ನು ನೋಡಿದ್ದಾರೆ. ಮಕ್ಕಳು ನೋಡಿಲ್ಲ. 1990ರ ದಶಕದಲ್ಲಿ ಅವು ಇದ್ದಕ್ಕಿದ್ದಂತೆ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಕಡಿಮೆಯಾಯಿತು. ರೋಗವಿರಬಹುದು, ವಿಷವಿರಬಹುದು ಎಂದು ಹುಡುಕಿದರು. 2004ರಲ್ಲಿ, ಪಾಕಿಸ್ತಾನದ ಹದ್ದುಗಳ ಮೇಲೆ ನಡೆದ ಅಧ್ಯಯನ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಾರಣ, ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧ ಹಾಕಿದ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹದ್ದು ಸಾಯುತ್ತಿತ್ತು. 2006ರಲ್ಲಿ ನಮ್ಮ ಸರ್ಕಾರ ಪಶುಗಳಿಗಾಗಿ ಅದನ್ನು ತಯಾರಿಸುವುದನ್ನು ನಿಲ್ಲಿಸಿತು. ಮನುಷ್ಯರ ಔಷಧದ ದೊಡ್ಡ ಬಾಟಲಿಯನ್ನು ದನಕ್ಕೆ ಬಳಸುತ್ತಿದ್ದಾರೆಂದು ಗೊತ್ತಾಗಿ, 2015ರಲ್ಲಿ ಅದರ ಇಂಜೆಕ್ಷನ್ನನ್ನು 3 ಮಿಲಿಲೀಟರಿನ ಒಂದೇ ಸಲದ ಬಾಟಲಿಗೆ ಇಳಿಸಿತು. 2023ರಲ್ಲಿ ಅಸೆಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್ ಔಷಧಗಳನ್ನೂ ಪಶುಗಳಿಗೆ ನಿಷೇಧಿಸಿತು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಇದೆ, ಡಾಕ್ಟರು ಅದನ್ನು ಬರೆಯುತ್ತಾರೆ.

ಈಗ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ 2000ನೇ ಇಸವಿಯ ಒಂದು ಔಷಧಶಾಸ್ತ್ರದ ಪುಸ್ತಕ ಇದೆ ಎಂದುಕೊಳ್ಳಿ. ಬರೆದವರು ದೊಡ್ಡ ವಿದ್ವಾಂಸರು, ಸುಳ್ಳು ಬರೆದಿಲ್ಲ. ಅವತ್ತಿಗೆ ಗೊತ್ತಿದ್ದದ್ದನ್ನು ಬರೆದಿದ್ದಾರೆ. ಆದರೆ ಅದನ್ನು ಇವತ್ತು ಓದಿ ಹಾಗೇ ಮಾಡಿದರೆ ನೀವು ಕಾನೂನನ್ನೂ ಮೀರಿದಿರಿ, ಹದ್ದನ್ನೂ ಕೊಂದಿರಿ. ನಮ್ಮ ರಾಜ್ಯದ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದ್ದಾರೆ. ಅಲ್ಲಿ ಉಳಿದಿರುವ ಹಕ್ಕಿ ಬೆರಳೆಣಿಕೆಯಷ್ಟು. ಪುಸ್ತಕ ತೆಗೆದ ಕೂಡಲೇ ಎರಡನೇ ಪುಟದಲ್ಲಿ ಮುದ್ರಣದ ವರ್ಷ ನೋಡಿ. ಅಂಗರಚನೆಯ ಪುಸ್ತಕ ಹಳೆಯದಾದರೂ ನಡೆಯುತ್ತದೆ, ದನಕ್ಕೆ ಇಪ್ಪತ್ತು ವರ್ಷದಲ್ಲಿ ಐದನೇ ಹೊಟ್ಟೆ ಬರುವುದಿಲ್ಲ. ಔಷಧ, ಲಸಿಕೆ, ಕಾನೂನು ಇವುಗಳ ವಿಷಯ ಮಾತ್ರ ಹೊಸ ಮುದ್ರಣದಲ್ಲೇ ನೋಡಬೇಕು.

ಮೂರನೆಯದು, ಯಾವ ಪ್ರಾಣಿಯ ಬಗ್ಗೆ ಹೇಳಿದ್ದು. ಮೇವಿನ ಲೆಕ್ಕದ ಹೆಸರಾಂತ ಪುಸ್ತಕಗಳಲ್ಲಿ ಕೆಲವು ಅಮೆರಿಕದವು. ಅಲ್ಲಿನ ಹಸು ಹೋಲ್‌ಸ್ಟೀನ್, ಆರುನೂರು ಏಳುನೂರು ಕಿಲೋ ತೂಗುತ್ತದೆ, ಜೋಳದ ಸೈಲೇಜ್ ತಿನ್ನುತ್ತದೆ. ನಮ್ಮ ಮಲೆನಾಡು ಗಿಡ್ಡ ಅದರ ನಾಲ್ಕನೇ ಒಂದು ಭಾಗ ತೂಗಿದರೆ ಹೆಚ್ಚು. ನಮ್ಮ ಹಳ್ಳಿಕಾರ್ ರಾಗಿ ಹುಲ್ಲು ತಿಂದು ಬಿಸಿಲಲ್ಲಿ ನೇಗಿಲು ಎಳೆಯುತ್ತದೆ. ಅಲ್ಲಿನ ಕೋಷ್ಟಕ ಸುಳ್ಳಲ್ಲ, ಇಲ್ಲಿನ ಹಸುವಿನದಲ್ಲ ಅಷ್ಟೆ. ನಮ್ಮ ದನಕ್ಕೆ ಬೇಕಾದ ಪೋಷಕಾಂಶಗಳ ಕೋಷ್ಟಕವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2013ರಲ್ಲಿ ಹೊಸದಾಗಿ ಹೊರತಂದಿದೆ. ಇಂಥ ಕೆಲಸ ಮಾಡುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ.

ಒಂದು ಪ್ರಾಣಿಗೆ ಒಳ್ಳೆಯದು ಇನ್ನೊಂದಕ್ಕೆ ವಿಷ ಎಂಬುದನ್ನು ಮರೆಯಬೇಡಿ. ನಮಗೆ ಜ್ವರ ಬಂದರೆ ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಕೋಳಿ ಮೇವಿನಲ್ಲಿ ರಕ್ತಭೇದಿ ತಡೆಯಲು ಸೇರಿಸುವ ಮೊನೆನ್ಸಿನ್ ಕುದುರೆಗೆ ಪ್ರಾಣಾಂತಿಕ. ಪ್ರಮಾಣ ಓದುವಾಗ ಅಳತೆಯ ಗುರುತನ್ನೂ ಬೆರಳಿಟ್ಟು ಓದಿ. ಐವರ್‌ಮೆಕ್ಟಿನ್ ದನಕ್ಕೆ ಕಿಲೋ ತೂಕಕ್ಕೆ 200 ಮೈಕ್ರೊಗ್ರಾಂ. ಯಾರೋ ನಕಲು ಮಾಡುವಾಗ ‘ಮೈಕ್ರೊ’ ಹೋಗಿ ‘ಮಿಲಿ’ ಆದರೆ ಸಾವಿರ ಪಟ್ಟು ವ್ಯತ್ಯಾಸ. ಏಳನೇ ತರಗತಿಯ ಗಣಿತ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ. ಎಷ್ಟು ಕೊಡಬೇಕು ಎಂಬುದು ಡಾಕ್ಟರ ತೀರ್ಮಾನ. ಆದರೆ ಸಿರಿಂಜ್ ತುಂಬುವ ಕೈ ನಿಮ್ಮದಾಗಿರುತ್ತದೆ. ಲೆಕ್ಕ ಸರಿಕಾಣದಿದ್ದರೆ ‘ಸರ್, ಇನ್ನೊಂದು ಸಲ ನೋಡ್ತೀರಾ?’ ಎಂದು ಕೇಳುವ ಧೈರ್ಯ ನಿಮಗಿರಬೇಕು. ಒಳ್ಳೆಯ ಡಾಕ್ಟರು ಅದಕ್ಕೆ ಸಿಟ್ಟಾಗುವುದಿಲ್ಲ.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿ: ಅವರಿಗೆ ಹೇಗೆ ಗೊತ್ತಾಯಿತು? ದನಗಳಿಗೆ ಬರುವ ಮೂರು ದಿನದ ಜ್ವರ ನಿಮ್ಮೆಲ್ಲರ ಮನೆಯಲ್ಲೂ ಬಂದು ಹೋಗಿರುತ್ತದೆ. ದನ ನಡುಗುತ್ತದೆ, ಮೇವು ಬಿಡುತ್ತದೆ, ಒಂದೊಂದು ಕಾಲು ಒಂದೊಂದು ಸಲ ಕುಂಟುತ್ತದೆ. ಕೀಟಗಳಿಂದ ಹರಡುವ ವೈರಸ್ ಅದಕ್ಕೆ ಕಾರಣ. ಹೆಸರೇ ಹೇಳುವಂತೆ ಹೆಚ್ಚಿನ ದನಗಳಲ್ಲಿ ಮೂರು ದಿನಕ್ಕೆ ತಾನಾಗಿ ಇಳಿಯುತ್ತದೆ. ಈಗ ಎರಡನೇ ದಿನ ಒಬ್ಬರು ಬೆಲ್ಲ ಮೆಣಸು ತಿನ್ನಿಸುತ್ತಾರೆ, ಮಾರನೇ ದಿನ ದನ ಎದ್ದಿತು. ಇನ್ನೊಬ್ಬರು ದುಬಾರಿ ಇಂಜೆಕ್ಷನ್ ಹಾಕಿಸುತ್ತಾರೆ, ಮಾರನೇ ದಿನ ದನ ಎದ್ದಿತು. ಮತ್ತೊಬ್ಬರು ತಾಯತ ಕಟ್ಟುತ್ತಾರೆ, ಆಗಲೂ ಎದ್ದಿತು. ಮೂವರೂ ತಮ್ಮದೇ ಔಷಧ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಏನೂ ಕೊಡದ ದನಗಳು ಎಷ್ಟು ದಿನಕ್ಕೆ ಎದ್ದವು ಎಂದು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಔಷಧದ ಗುಣ ಎಷ್ಟು, ಕಾಲದ ಗುಣ ಎಷ್ಟು ಎಂದು ತಿಳಿಯುತ್ತದೆ. ಆದ್ದರಿಂದ ಸಂಶೋಧನಾ ಲೇಖನ ಕೈಗೆ ಬಂದಾಗ ಕೊನೆಯ ತೀರ್ಮಾನದ ವಾಕ್ಯಕ್ಕೆ ಹಾರಬೇಡಿ. ನಡುವೆ ‘ವಿಧಾನ’ ಎಂಬ ಭಾಗ ಇರುತ್ತದೆ. ಎಷ್ಟು ದನ, ಯಾವ ತಳಿ, ಹೋಲಿಕೆಗೆ ಬೇರೆ ಗುಂಪು ಇತ್ತೇ, ಯಾವ ದನ ಯಾವ ಗುಂಪಿಗೆ ಎಂದು ಹೇಗೆ ಹಂಚಿದರು, ಇಷ್ಟನ್ನು ಹುಡುಕಿ. ಆರು ದನದ ಮೇಲೆ ನೋಡಿದ್ದಕ್ಕೂ ಆರುನೂರು ದನದ ಮೇಲೆ ನೋಡಿದ್ದಕ್ಕೂ ತೂಕ ಬೇರೆ.

ಇದನ್ನು ಕೇಳಿ ನಾಟಿ ಔಷಧವೆಲ್ಲ ಸುಳ್ಳು ಎಂದುಕೊಳ್ಳಬೇಡಿ. ನಮ್ಮ ಅಜ್ಜಿಯರಿಗೆ ತಿಳಿದದ್ದರಲ್ಲಿ ಪರೀಕ್ಷೆಗೆ ನಿಲ್ಲುವಂಥದ್ದು ಬಹಳ ಇದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಲೇಪವನ್ನು ಪ್ರಚಾರ ಮಾಡುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಎಂದು ಅಳತೆ ಕೊಟ್ಟು, ಹೇಗೆ ಅರೆಯಬೇಕು, ಹೇಗೆ ಹಚ್ಚಬೇಕು ಎಂದು ಬರೆದಿಟ್ಟಿದೆ. ‘ಒಂದಿಷ್ಟು ಸೊಪ್ಪು ಹಚ್ಚಿ’ ಎನ್ನುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು. ಅಳತೆ ಬರೆದಿದ್ದರೆ ಬೇರೆಯವರು ಮಾಡಿ ನೋಡಬಹುದು, ಸರಿಯೋ ತಪ್ಪೋ ಹೇಳಬಹುದು. ನಿಮ್ಮ ಮನೆಯ ಅಜ್ಜಿಗೆ ಗೊತ್ತಿರುವುದನ್ನು ಅಳತೆ ಸಮೇತ ಬರೆದುಕೊಳ್ಳಿ. ಅದು ಹೋದರೆ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ಇನ್ನು ಎಲ್ಲಿ ಹುಡುಕಬೇಕು ಎಂಬ ಮಾತು. ದುಡ್ಡಿಲ್ಲದೆ ಓದಬಹುದಾದ್ದು ಎಷ್ಟು ಇದೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. 1955ರಿಂದ ಬರುತ್ತಿರುವ ಮರ್ಕ್ ಪಶುವೈದ್ಯಕೀಯ ಕೈಪಿಡಿ ಈಗ ಅಂತರ್ಜಾಲದಲ್ಲಿ ಪೂರ್ತಿ ಉಚಿತ. ರೋಗದ ಹೆಸರು ಹಾಕಿದರೆ ಕಾರಣ, ಲಕ್ಷಣ, ತಪಾಸಣೆ, ಚಿಕಿತ್ಸೆ ಒಂದೇ ಕಡೆ ಸಿಗುತ್ತದೆ. ಮೊದಲು ಅಲ್ಲಿ ಓದಿ ಅಡಿಪಾಯ ಹಾಕಿಕೊಳ್ಳಿ. ಆಮೇಲೆ ಸಂಶೋಧನಾ ಲೇಖನಗಳಿಗೆ ಹೋಗಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್‌ನಲ್ಲಿ ಪಶುವೈದ್ಯಕೀಯ ಲೇಖನಗಳ ಸಾರಾಂಶವನ್ನು ಯಾರು ಬೇಕಾದರೂ ಓದಬಹುದು, ಎಷ್ಟೋ ಲೇಖನಗಳು ಪೂರ್ತಿಯಾಗಿಯೂ ಸಿಗುತ್ತವೆ. ನಮ್ಮ ಕೃಷಿ ಅನುಸಂಧಾನ ಪರಿಷತ್ತಿನ ‘ಇಂಡಿಯನ್ ಜರ್ನಲ್ ಆಫ್ ಅನಿಮಲ್ ಸೈನ್ಸಸ್’ ಪತ್ರಿಕೆಯೂ ಅಂತರ್ಜಾಲದಲ್ಲಿ ತೆರೆದಿದೆ. ‘ಕೃಷಿಕೋಶ’ ಎಂಬ ಭಂಡಾರದಲ್ಲಿ ನಮ್ಮ ದೇಶದ ಕೃಷಿ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳಿವೆ. ನಮ್ಮ ರಾಜ್ಯದ ದನಕುರಿಗಳ ಮೇಲೆ ನಮ್ಮವರೇ ಮಾಡಿದ ಕೆಲಸ ಅಲ್ಲಿ ಸಿಗುತ್ತದೆ. ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ರೋಗ ಬರುವ ಸಂಭವವಿದೆ ಎಂದು ಮುನ್ಸೂಚನೆ ಹೊರಡಿಸುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದದ್ದು, 2025ರಲ್ಲಿ ಅದಕ್ಕೆ ನೂರು ತುಂಬಿತು. ಲಸಿಕೆ ತಯಾರಿಕೆ, ಮಾದರಿಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಇವರನ್ನು ಮರೆಯಬೇಡಿ. ತುರ್ತಿದ್ದಾಗ ಪುಸ್ತಕ ಹುಡುಕುತ್ತಾ ಕೂರಬೇಡಿ, 1962ಕ್ಕೆ ಫೋನ್ ಮಾಡಿಸಿ, ಸಂಚಾರಿ ಪಶುಚಿಕಿತ್ಸಾ ಗಾಡಿಗೆ ಆ ಸಂಖ್ಯೆ ಇದೆ.

‘ಸರ್, ಇದೆಲ್ಲ ಇಂಗ್ಲಿಷಲ್ಲಿದೆ’ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಹೇಳುತ್ತಾರೆ. ನಿಜ. ಕನ್ನಡದಲ್ಲಿ ಇನ್ನೂ ಬಹಳ ಬರಬೇಕು, ಅದನ್ನು ತರುವುದು ನಮ್ಮಂಥವರ ಕರ್ತವ್ಯ. ಆದರೆ ನೀವು ಕಥೆ ಕಾದಂಬರಿ ಓದಬೇಕಾಗಿಲ್ಲ. ಪಶುವೈದ್ಯಕೀಯದ ಲೇಖನಗಳಲ್ಲಿ ಮುನ್ನೂರು ನಾನೂರು ಪದಗಳೇ ಮತ್ತೆ ಮತ್ತೆ ಬರುತ್ತವೆ. ದಿನಕ್ಕೆ ಐದು ಪದ ಬರೆದುಕೊಂಡರೆ ಮೂರು ತಿಂಗಳಲ್ಲಿ ಅರ್ಧ ಭಯ ಹೋಗುತ್ತದೆ. ರೋಗದ ಸರಿಯಾದ ಹೆಸರು ಗೊತ್ತಿರಲಿ, ಅದು ಬೀಗದ ಕೈ ಇದ್ದಂತೆ. ಕೆಚ್ಚಲು ಬಾವು ಎಂದರೆ ಮ್ಯಾಸ್ಟೈಟಿಸ್, ಚಪ್ಪೆ ರೋಗ ಎಂದರೆ ಬ್ಲ್ಯಾಕ್ ಕ್ವಾರ್ಟರ್, ನೆರಡಿ ಎಂದರೆ ಆಂಥ್ರಾಕ್ಸ್. ಕೋಳಿಗಳ ಕೊಕ್ಕರೆ ರೋಗವನ್ನು ನಮ್ಮ ದೇಶದಲ್ಲಿ ರಾಣಿಖೇತ್ ಎನ್ನುತ್ತೇವೆ, ಈಗಿನ ಉತ್ತರಾಖಂಡದ ಊರಿನ ಹೆಸರು ಅದು. ಹೊರದೇಶಗಳಲ್ಲಿ ಅದೇ ರೋಗಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಹೆಸರು. ರಾಣಿಖೇತ್ ಎಂದಷ್ಟೇ ಹುಡುಕಿದ ಹುಡುಗನಿಗೆ ಲೋಕದ ಮುಕ್ಕಾಲು ಬರಹ ಕಾಣಿಸುವುದೇ ಇಲ್ಲ.

ಈಗ ಇನ್ನೊಂದು ಅನುಕೂಲ ಬಂದಿದೆ. ಕನ್ನಡದಲ್ಲಿ ಕೇಳಿದರೆ ಫೋನೇ ಕನ್ನಡದಲ್ಲಿ ಉತ್ತರ ಹೇಳುತ್ತದೆ. ಕಷ್ಟದ ಪ್ಯಾರಾ ಅರ್ಥ ಮಾಡಿಕೊಳ್ಳಲು ಅದನ್ನು ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಈ ಎಐ ಯಂತ್ರ ಇಲ್ಲದ ಲೇಖನದ ಹೆಸರನ್ನೂ ಇದ್ದಂತೆಯೇ ಹೇಳಬಲ್ಲದು, ತಪ್ಪು ಪ್ರಮಾಣವನ್ನೂ ಅಷ್ಟೇ ನಯವಾಗಿ ಹೇಳಬಲ್ಲದು. ಅದು ಹೇಳಿದ ಲೇಖನ ಇದೆಯೇ ಎಂದು ಪಬ್‌ಮೆಡ್‌ನಲ್ಲಿ ಹುಡುಕಿ, ಇದ್ದರೆ ತೆರೆದು ಓದಿ. ಔಷಧದ ಪ್ರಮಾಣವನ್ನು ಚೀಟಿಯಲ್ಲೋ ಕೈಪಿಡಿಯಲ್ಲೋ ನೋಡದೆ, ಡಾಕ್ಟರನ್ನು ಕೇಳದೆ ಯಾರಿಗೂ ಹೇಳಬೇಡಿ. ಗೊತ್ತಿಲ್ಲದಿದ್ದರೆ ‘ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಣ್ಣಾ’ ಎನ್ನಿ. ಹಾಗೆಂದವರನ್ನು ಊರು ಮುಂದೆ ಹೆಚ್ಚು ನಂಬುತ್ತದೆ, ಇದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಕೊನೆಯದಾಗಿ ಒಂದು ಮಾತು. ಇಷ್ಟು ಹೊತ್ತು ಬೇರೆಯವರು ಬರೆದದ್ದನ್ನು ಹೇಗೆ ನೋಡಬೇಕು ಎಂದು ಹೇಳಿದೆ. ನೀವು ಕೆಲಸಕ್ಕೆ ಸೇರಿದ ದಿನದಿಂದ ನೀವೂ ಬರೆಯುವವರೇ. ಆಸ್ಪತ್ರೆಯ ವಹಿಯಲ್ಲಿ ಎಷ್ಟು ದನ ಬಂತು, ಯಾವ ರೋಗ, ಎಷ್ಟಕ್ಕೆ ಲಸಿಕೆ ಹಾಕಿದ್ದು ಎಂದು ನೀವು ತುಂಬುವ ಸಾಲು ತಾಲ್ಲೂಕಿಗೆ, ಜಿಲ್ಲೆಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ರೋಗದ ಮುನ್ಸೂಚನೆ ನಿಂತಿರುವುದು ಇಂಥ ಸಾಲುಗಳ ಮೇಲೆ. ಹಿರಿಯರಿಗೆ ದೊಡ್ಡರೋಗ ನೆನಪಿರಬೇಕು, ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಖಾಲಿ ಮಾಡುತ್ತಿದ್ದ ರೋಗ. ನಮ್ಮ ದೇಶ ಅದರಿಂದ ಪೂರ್ತಿ ಮುಕ್ತ ಎಂದು 2006ರಲ್ಲಿ ಮಾನ್ಯತೆ ಸಿಕ್ಕಿತು, 2011ರಲ್ಲಿ ಇಡೀ ಲೋಕದಿಂದಲೇ ಅದು ಹೋಯಿತು ಎಂದು ಘೋಷಿಸಿದರು. ಲಸಿಕೆಯಿಂದ ಆಯಿತು, ನಿಜ. ಜೊತೆಗೆ, ಹಳ್ಳಿಹಳ್ಳಿ ಸುತ್ತಿ ‘ಇಲ್ಲಿ ರೋಗ ಇದೆ’, ‘ಇಲ್ಲಿ ಇಲ್ಲ’ ಎಂದು ಕಂಡದ್ದನ್ನು ಕಂಡ ಹಾಗೆ ಬರೆದ ಸಾವಿರಾರು ಸಣ್ಣ ನೌಕರರಿಂದ ಆಯಿತು. ಅವರು ಕಚೇರಿಯಲ್ಲಿ ಕೂತು ಅಂದಾಜಿಗೆ ತುಂಬಿದ್ದರೆ ಆ ರೋಗ ಇವತ್ತೂ ಇರುತ್ತಿತ್ತು. ಹಾಕದ ಲಸಿಕೆಯನ್ನು ಹಾಕಿದೆ ಎಂದು ಬರೆಯಬೇಡಿ. ನೋಡದ ದನವನ್ನು ನೋಡಿದೆ ಎಂದು ಬರೆಯಬೇಡಿ. ನಾಳೆ ಯಾರೋ ಒಬ್ಬ ವಿದ್ಯಾರ್ಥಿ ‘ಇದನ್ನು ಯಾರು ಹೇಳಿದ್ದು?’ ಎಂದು ಹುಡುಕಿಕೊಂಡು ಬಂದರೆ, ದಾರಿಯ ಕೊನೆಯಲ್ಲಿ ನಿಮ್ಮ ಕೈಬರಹ ಸಿಗಬೇಕು, ಅದು ನಿಜವಾಗಿರಬೇಕು.

ನಮ್ಮ ಶಾಲೆಯ ಗ್ರಂಥಾಲಯದ ಒಂದು ಕಪಾಟಿಗೆ ಪಶುಪಾಲನೆಯ ಹೊಸ ಪುಸ್ತಕಗಳನ್ನೂ ಒಂದು ಒಳ್ಳೆಯ ನಿಘಂಟನ್ನೂ ಹಳೆಯ ವಿದ್ಯಾರ್ಥಿಗಳ ಪರವಾಗಿ ತಂದಿದ್ದೇನೆ. ಮುಖ್ಯೋಪಾಧ್ಯಾಯರು ದಯವಿಟ್ಟು ಆ ಕಪಾಟಿಗೆ ಬೀಗ ಹಾಕಿಸಬಾರದೆಂದು ಪ್ರಾರ್ಥನೆ. ಪುಸ್ತಕ ಹರಿದರೆ ಬೇರೆ ತರೋಣ. ಮಕ್ಕಳು ಬಿಡುವಿನ ವೇಳೆಯಲ್ಲಿ ತೆಗೆದು ನೋಡಲಿ. ಮೊದಲು ಮುದ್ರಣದ ವರ್ಷ ನೋಡಲಿ.  ನಮ್ಮ ಶಾಲೆ ನೂರು ವರ್ಷ ಕಾಣಲಿ.